ತೊಂಬತ್ತರಲ್ಲಿ ನಿಂತ ತೂಕ

ಮಾರ್ಚ್ 14

ಅಣ್ಣಾ,

ಕಾಗದ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ನನಗೊಂದು ಊಟದ ಪಟ್ಟಿ ಬೇಕು, ಅಷ್ಟೆ.

ವಿಷಯ ಹೀಗೆ. ಕಡಲ ನಡುವೆ ನಮ್ಮ ತೈಲ ರಿಗ್‌ಗೆ ಹೊಸ ರಕ್ಷಣಾ ಕಪ್ಪಿ ಬಂದಿದೆ. ಹಗ್ಗದಲ್ಲಿ ನೇತಾಡುತ್ತಾ ಕೆಲಸ ಮಾಡುವವರು ಪ್ರಜ್ಞೆ ತಪ್ಪಿದರೆ ಮೇಲಕ್ಕೆಳೆದುಕೊಳ್ಳುವುದಕ್ಕೆ. ಅದು ನೂರು ಕೆಜಿಗಿಂತ ಹೆಚ್ಚು ಹೊರುವಂತಿಲ್ಲ. ನಮ್ಮ ಬೆಲ್ಟು, ಸಲಕರಣೆಯೇ ಹದಿನಾಲ್ಕು ಕೆಜಿ. ಹಾಗಾಗಿ ಹಗ್ಗದ ತಂಡದವರ ಮೈತೂಕ ಎಂಬತ್ತಾರು ದಾಟಬಾರದು ಅಂತ ಹೊಸ ನಿಯಮ. ನನ್ನನ್ನು ದಡದಲ್ಲಿ ತೂಗಿದಾಗ ತೊಂಬತ್ನಾಲ್ಕು ಬಂತು. ತಂಡದಲ್ಲಿ ಮಿತಿ ದಾಟಿದವಳು ನಾನೊಬ್ಬಳೇ.

ಜೂನ್ ಹನ್ನೊಂದಕ್ಕೆ ದಡದಲ್ಲಿ ಪರೀಕ್ಷೆ. ತೂಕವೂ ಇಳಿದಿರಬೇಕು, ಮೂರು ಕಪ್ಪಿಯ ಹಗ್ಗದಲ್ಲಿ ಎಂಬತ್ತು ಕೆಜಿಯ ಗೊಂಬೆಯನ್ನು ನಾಲ್ಕು ನಿಮಿಷದೊಳಗೆ ಇಪ್ಪತ್ತು ಮೀಟರ್ ಮೇಲಕ್ಕೂ ಎಳೆಯಬೇಕು. ಎರಡರಲ್ಲಿ ಒಂದು ತಪ್ಪಿದರೂ ನನ್ನನ್ನು ದಡದ ಉಗ್ರಾಣಕ್ಕೆ ಹಾಕುತ್ತಾರೆ. ಒಂಬತ್ತು ವರ್ಷ ಹಗ್ಗದಲ್ಲಿ ಕೆಲಸ ಮಾಡಿ ಈಗ ತಂಡದ ಮೇಸ್ತ್ರಿಯಾಗಿದ್ದೇನೆ. ಕಪಾಟಿನ ಮುಂದೆ ಕೂತು ಬೋಲ್ಟು ಎಣಿಸಲಾರೆ.

ಫೋನು ಮಾತ್ರ ಮಾಡಬೇಡ. ಇಲ್ಲಿರುವುದು ಒಂದೇ ಫೋನು, ಅದೂ ಊಟದ ಹಾಲಿನಲ್ಲಿ. ನಲವತ್ತು ಜನ ಅನ್ನ ಕಲಸುತ್ತಾ ಇನ್ನೊಬ್ಬರ ಸಂಸಾರ ಕೇಳಿಸಿಕೊಳ್ಳುತ್ತಾರೆ. ಹತ್ತು ದಿನಕ್ಕೊಮ್ಮೆ ಸರಕಿನ ಬೋಟು ಬರುತ್ತದೆ, ಅದರಲ್ಲಿ ಬರೆದು ಕಳಿಸು. ಹದಿನೆಂಟು ವರ್ಷದಿಂದ ಜಿಮ್ ನಡೆಸುತ್ತಾ ಯಾರ್ಯಾರದೋ ಹೊಟ್ಟೆ ಕರಗಿಸಿದ್ದೀಯ. ನನ್ನದೂ ಕರಗಿಸು.

ನಿನ್ನ ತಂಗಿ

* * *

ಮಾರ್ಚ್ 18

ಗುಂಡೂ,

ಹನ್ನೆರಡು ವಾರಕ್ಕೆ ಎಂಟು ಕೆಜಿ. ಆಗುತ್ತದೆ. ನಾನು ಹೇಳಿದ್ದನ್ನು ಹೇಳಿದಂತೆ ಮಾಡಿದರೆ.

ಈಗ ನೀನು ದಿನಕ್ಕೆ ಸುಮಾರು ಎರಡು ಸಾವಿರದ ಆರುನೂರು ಕ್ಯಾಲೊರಿ ತಿನ್ನುತ್ತಿರಬಹುದು. ಎರಡು ಸಾವಿರದ ನೂರಕ್ಕೆ ಇಳಿಸು. ಅದಕ್ಕಿಂತ ಕೆಳಗೆ ನೀನಾಗಿ ಇಳಿಸಬೇಡ. ಪ್ರೋಟೀನ್ ನೂರೈವತ್ತು ಗ್ರಾಂ ಬೇಕೇ ಬೇಕು: ಬೆಳಿಗ್ಗೆ ನಾಲ್ಕು ಮೊಟ್ಟೆ, ಮಧ್ಯಾಹ್ನ ಕೋಳಿ ಅಥವಾ ಮೀನು ಇನ್ನೂರು ಗ್ರಾಂ, ರಾತ್ರಿಗೂ ಅಷ್ಟೇ, ನಡುವೆ ಬೇಯಿಸಿದ ಕಾಳು, ಮೊಸರು. ಅನ್ನ ಮಧ್ಯಾಹ್ನ ಒಂದು ಬಟ್ಟಲು. ತರಕಾರಿಗೆ ಲೆಕ್ಕವಿಲ್ಲ. ಕರಿದದ್ದು, ಸಕ್ಕರೆ ಬೇಡ. ಎಲ್ಲವನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿಯೇ ತಿನ್ನು. ಕಣ್ಣಳತೆ ನಂಬಬೇಡ, ಹಸಿದವರ ಕಣ್ಣಿಗೆ ಬೋಗುಣಿಯೂ ಬಟ್ಟಲಿನ ಹಾಗೆ ಕಾಣುತ್ತದೆ.

ವಾರಕ್ಕೆ ಮೂರು ದಿನ ಭಾರ ಎತ್ತು. ಕೂತೇಳುವ ಸ್ಕ್ವಾಟ್, ನೆಲದಿಂದೆತ್ತುವ ಡೆಡ್‌ಲಿಫ್ಟ್, ಎದೆಗೆ, ಬೆನ್ನಿಗೆ. ತೂಕ ಇಳಿಸುವಾಗ ಭಾರ ಕಡಿಮೆ ಮಾಡಬಾರದು. ಹಾಗೆ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ, ಆಮೇಲೆ ಗೊಂಬೆಯನ್ನು ಯಾರು ಎಳೆಯುತ್ತಾರೆ? ನೀನು ನೂರು ಕೆಜಿ ಡೆಡ್‌ಲಿಫ್ಟ್ ಮಾಡುತ್ತಿದ್ದೆ. ಜೂನ್‌ನಲ್ಲೂ ನೂರೇ ಇರಬೇಕು.

ಪ್ರತಿ ಬೋಟಿಗೆ ತೂಕ ಕಳಿಸು. ಕಥೆ ಬೇಡ, ಸಂಖ್ಯೆ ಸಾಕು.

ನಿನ್ನ ಅಣ್ಣ

* * *

ಏಪ್ರಿಲ್ 3

ಅಣ್ಣಾ,

ತೂಕ: ತೊಂಬತ್ತೈದು.

ಸಂಖ್ಯೆ ಸಾಕು ಅಂದಿದ್ದೀಯ, ಆದರೂ ಒಂದು ಮಾತು. ಇಲ್ಲಿಯ ಅಡುಗೆಯವನನ್ನು ನಾವು ಸೌಟು ಅನ್ನುತ್ತೇವೆ. ನಾನು ತಟ್ಟೆಯನ್ನು ತಕ್ಕಡಿ ಮೇಲಿಟ್ಟರೆ ಅವನಿಗೆ ಮರ್ಯಾದೆ ಹೋದ ಹಾಗೆ. "ನನ್ನ ಕೈಯಡುಗೇನ ತೂಕಕ್ಕೆ ಹಾಕ್ತೀರಲ್ಲ ಮೇಸ್ತ್ರಿ, ನಾನೇನು ಗುಜರಿ ಅಂಗಡೀನಾ?" ಅಂತ ದಿನಾ ಕೇಳುತ್ತಾನೆ. ಹೊಟ್ಟೆಗೆ ಡಾಕ್ಟರ್ ಹೇಳಿದ ಪಥ್ಯ ಅಂತ ಸುಳ್ಳು ಹೇಳಿದ್ದೇನೆ. ಅಂದಿನಿಂದ ಉಪ್ಪಿಲ್ಲದ ಗಂಜಿ ಮಾಡಿ ಕೊಡೋಕೆ ಬರುತ್ತಾನೆ. ಅದನ್ನು ತಪ್ಪಿಸಿಕೊಳ್ಳುವುದೇ ಒಂದು ಕಸರತ್ತು.

ನಾಲ್ಕು ಗಂಟೆಗೆ ಹಸಿವಾದರೆ ಕಪ್ಪಿಗಳೆಲ್ಲ ಚಕ್ಕುಲಿಯ ಹಾಗೆ ಕಾಣುತ್ತವೆ.

ತಂಗಿ

* * *

ಏಪ್ರಿಲ್ 6

ಗುಂಡೂ,

ತೊಂಬತ್ನಾಲ್ಕರಲ್ಲಿ ಹೋದವಳು ಹತ್ತು ದಿನ ಪಥ್ಯ ಮಾಡಿ ತೊಂಬತ್ತೈದು ಆಗಿದ್ದೀಯ. ನನ್ನ ಸರ್ವೀಸಿನಲ್ಲಿ ಇಂಥ ಪವಾಡ ನೋಡಿಲ್ಲ.

ಸೌಟು ಕಥೆ ಓದಿ ನಿನ್ನ ಅತ್ತಿಗೆ ನಕ್ಕಳು. ನನಗೆ ನಗು ಬರಲಿಲ್ಲ. ಅಡುಗೆಮನೆಯಲ್ಲಿ ನಿಂತು ತೂಗುವಾಗ ಬಾಯಿಗೆ ಏನೇನು ಹೋಗುತ್ತಿದೆ, ಅದನ್ನು ಬರಿ. ರುಚಿ ನೋಡಿದ್ದು, ಉಳಿದದ್ದು ಹಾಳಾಗುತ್ತೆ ಅಂತ ತಿಂದದ್ದು, ಎಲ್ಲ. ಹೊಟ್ಟೆ ಅದನ್ನೂ ಎಣಿಸುತ್ತದೆ. ಎಣ್ಣೆಯನ್ನು ಅಳೆಯುತ್ತಿದ್ದೀಯಾ? ಒಂದು ಚಮಚ ಎಣ್ಣೆಗೆ ನೂರಿಪ್ಪತ್ತು ಕ್ಯಾಲೊರಿ.

ಈಗಲೇ ಊಟ ಕಡಿಮೆ ಮಾಡುವುದಿಲ್ಲ. ಇನ್ನೊಂದು ಬೋಟು ನೋಡೋಣ.

ಅಣ್ಣ

* * *

ಏಪ್ರಿಲ್ 13

ಅಣ್ಣಾ,

ತೊಂಬತ್ತು! ಕಣ್ಣು ಬಿಟ್ಟು ಓದು. ತೊಂಬತ್ತು!

ಎಣ್ಣೆ ಅಳೆದೇ ಹಾಕಿಸುತ್ತಿದ್ದೇನೆ. ರುಚಿ ನೋಡಿಲ್ಲ, ಮೂಸಿಯೂ ನೋಡಿಲ್ಲ. ಐದು ಕೆಜಿ ಇಳಿದಿದೆ, ಈಗ ಏನಂತೀಯ? ನನ್ನ ಬೆಲ್ಟು ಒಂದು ತೂತು ಒಳಗೆ ಬಂದಿದೆ. ಡೆಡ್‌ಲಿಫ್ಟ್ ನೂರರಲ್ಲೇ ಇದೆ.

ಅತ್ತಿಗೆಗೆ ನೆನಪು ಹೇಳು. ನಿನಗೆ ಹೇಳುವುದಿಲ್ಲ.

* * *

ಏಪ್ರಿಲ್ 16

ಗುಂಡೂ,

ಹತ್ತು ದಿನದಲ್ಲಿ ಐದು ಕೆಜಿ ಕೊಬ್ಬು ಇಳಿಯುವುದಿಲ್ಲ. ಕುಣಿಯಬೇಡ. ಅದರಲ್ಲಿ ಬಹುಪಾಲು ನೀರಿರಬೇಕು. ಮುಂದಿನ ಬೋಟಿಗೆ ಒಂದೆರಡು ಕೆಜಿ ವಾಪಸು ಬಂದರೂ ಆಶ್ಚರ್ಯವಿಲ್ಲ.

ಬೆಲ್ಟಿನ ತೂತು ನನಗೆ ಬೇಡ. ಬೆಲ್ಟು ಸಡಿಲವೂ ಆಗುತ್ತದೆ, ಬಿಗಿಯೂ ಆಗುತ್ತದೆ, ಹಾಕಿಕೊಳ್ಳುವವರ ಮನಸ್ಸಿನ ಮೇಲೆ. ತೂಕ ಬರಿ.

ಅಣ್ಣ

* * *

ಏಪ್ರಿಲ್ 23

ಅಣ್ಣಾ,

ತೊಂಬತ್ತು. ವಾಪಸು ಬಂದಿಲ್ಲ. ಇಳಿದೂ ಇಲ್ಲ.

ನೀನು ಹೇಳಿದ್ದಕ್ಕಿಂತ ಒಂದು ತುತ್ತು ಹೆಚ್ಚು ತಿಂದಿಲ್ಲ. ಭಾರ ಎತ್ತುವುದು ಚೆನ್ನಾಗಿದೆ.

ತಂಗಿ

* * *

ಏಪ್ರಿಲ್ 26

ಗುಂಡೂ,

ಮಧ್ಯಾಹ್ನದ ಅನ್ನ ಅರ್ಧ ಬಟ್ಟಲು ಮಾಡು. ಒಟ್ಟು ಸಾವಿರದ ಎಂಟುನೂರೈವತ್ತು. ಪ್ರೋಟೀನ್ ಮುಟ್ಟಬೇಡ.

ಡೆಡ್‌ಲಿಫ್ಟ್ ಎಷ್ಟು ಅಂತ ಸಂಖ್ಯೆ ಬರೆದಿಲ್ಲ. "ಚೆನ್ನಾಗಿದೆ" ಎಷ್ಟು ಕೆಜಿ?

ಅಣ್ಣ

* * *

ಮೇ 3

ಅಣ್ಣಾ,

ತೊಂಬತ್ತು.

ಎಷ್ಟು ಸಲ ತೂಗಿದರೂ ಅದೇ. ಪಾಳಿ ಮುಗಿದ ಮೇಲೆ ಮೆಟ್ಟಿಲನ್ನೂ ಹತ್ತಿ ಇಳಿಯುತ್ತಿದ್ದೇನೆ, ನೀನು ಹೇಳದಿದ್ದರೂ. ಭಾರ ಎತ್ತುವುದು ಪರವಾಗಿಲ್ಲ.

ಬೋಟು ಕಾಯುತ್ತಿದೆ.

* * *

ಮೇ 6

ಗುಂಡೂ,

ಮೂರು ಬೋಟು, ಮೂರು ಸಲ ತೊಂಬತ್ತು. ಎರಡು ಸಾವಿರದ ನೂರು ತಿಂದು, ಹಗ್ಗದಲ್ಲಿ ಎಂಟು ಗಂಟೆ ನೇತಾಡಿ, ಭಾರ ಎತ್ತಿ, ಮೆಟ್ಟಿಲು ಹತ್ತುವವಳ ತೂಕ ಇಪ್ಪತ್ತು ದಿನ ಕಲ್ಲಿನ ಹಾಗೆ ನಿಲ್ಲುವುದಿಲ್ಲ. ಒಂದೋ ನೀನು ಬರೆದಷ್ಟು ಮಾತ್ರ ತಿನ್ನುತ್ತಿಲ್ಲ, ಇಲ್ಲವೇ ನಾನು ಇಷ್ಟು ವರ್ಷ ಕಲಿತದ್ದೆಲ್ಲ ಸುಳ್ಳು. ನನ್ನ ಜಿಮ್ಮಿನಲ್ಲೂ ಹೀಗೆ ಹೇಳುವವರಿದ್ದಾರೆ. "ಏನೂ ತಿನ್ನಲ್ಲ ಸಾರ್, ಗಾಳಿ ಕುಡಿದ್ರೂ ದಪ್ಪ ಆಗ್ತೀನಿ." ಅವರ ಚೀಲದಲ್ಲಿ ಬಿಸ್ಕತ್ತಿನ ಪೊಟ್ಟಣ ಇರುತ್ತದೆ.

ಬಾಯಿ ಏನು ಬೇಕಾದರೂ ಹೇಳಬಹುದು ಕಣೇ. ತೂಕ ಹೇಳುವುದು ಒಂದನ್ನೇ.

ಐದು ವಾರ ಉಳಿದಿದೆ. ಅನ್ನ ಪೂರ್ತಿ ಬಿಡು. ಸಾವಿರದ ಆರುನೂರು. ಇದು ನನಗೆ ಇಷ್ಟವಿಲ್ಲದ ಲೆಕ್ಕ, ನೀನೇ ಮಾಡಿಸಿದ್ದು.

ಅಣ್ಣ

* * *

ಮೇ 13

ಅಣ್ಣಾ,

ಇವತ್ತಿನ ಬೋಟಿನಲ್ಲಿ ನನಗೆ ಎರಡು ಕಾಗದ ಬಂದವು. ಒಂದು ನಿನ್ನದು, ಬಿಸ್ಕತ್ತಿನ ಪೊಟ್ಟಣದ್ದು. ಇನ್ನೊಂದು ದಡದ ಮ್ಯಾನೇಜರದು. ಅವರು ನಿನ್ನ ಹಳೇ ಶಿಷ್ಯ ಅಂತ ನನಗೆ ಗೊತ್ತೇ ಇರಲಿಲ್ಲ. "ನಿಮ್ಮ ಅಣ್ಣನವರು ಕಳೆದ ತಿಂಗಳು ಕೇಳಿಕೊಂಡಂತೆ ಉಗ್ರಾಣದ ಜಾಗವನ್ನು ನಿಮಗಾಗಿ ಕಾದಿರಿಸಿದ್ದೇನೆ, ಚಿಂತೆ ಬೇಡ" ಅಂತ ಬರೆದಿದ್ದಾರೆ.

ಕಳೆದ ತಿಂಗಳು! ಆಗಲೇ ನನ್ನ ಕುರ್ಚಿ ಒರೆಸಿ ಇಟ್ಟಿದ್ದೀಯ. ಒಂದು ಕಡೆ ಅನ್ನ ಕಡಿಮೆ ಮಾಡು ಅಂತ ನನಗೆ ಬರೆಯುತ್ತೀಯ, ಇನ್ನೊಂದು ಕಡೆ ಇವಳ ಕೈಲಿ ಆಗಲ್ಲ ಅಂತ ಅವರಿಗೆ ಬರೆಯುತ್ತೀಯ. ಹೇಳಿ ಮಾಡಿದ್ದರೆ ಜಗಳವಾಡಿ ಸುಮ್ಮನಾಗುತ್ತಿದ್ದೆ. ಕದ್ದು ಮಾಡಿದ್ದೀಯಲ್ಲ, ನನ್ನನ್ನೇ ಕಳ್ಳಿ ಅನ್ನುತ್ತೀಯಲ್ಲ!

ಸರಿ, ಈಗ ಸಂಖ್ಯೆ ಕೇಳಿಸಿಕೋ. ಚೆನ್ನಾಗಿದೆ ಅಂದಾಗ ಡೆಡ್‌ಲಿಫ್ಟ್ ತೊಂಬತ್ತು. ಪರವಾಗಿಲ್ಲ ಅಂದಾಗ ಎಂಬತ್ತೈದು. ಈ ವಾರ ಎಂಬತ್ತು, ಅದೂ ಎರಡೇ ಸಲ. ನೀನು ಬೈಯುತ್ತೀಯ ಅಂತ ಬರೆಯಲಿಲ್ಲ. ಮೊನ್ನೆ ಇನ್ನೂ ಒಂದು ಆಯಿತು. ಹಗ್ಗಕ್ಕೆ ಇಳಿಯುವಾಗ ಎರಡನೇ ಕೊಂಡಿಯ ತಿರುಪು ಬಿಗಿ ಮಾಡಲೇ ಇಲ್ಲ. ಪಕ್ಕದವನು ನೋಡಿ "ಮೇಸ್ತ್ರಿ, ಕೊಂಡಿ!" ಅಂತ ಕೂಗಿದ. ಒಂಬತ್ತು ವರ್ಷದಲ್ಲಿ ಮೊದಲ ಸಲ. ಅವನು ಯಾರಿಗೂ ಹೇಳಿಲ್ಲ. ನಾನು ಇಡೀ ದಿನ ಮೇಲಿನಿಂದಲೇ ಕೆಲಸ ಹೇಳಿದೆ, ಕೆಳಗೆ ಇಳಿಯಲಿಲ್ಲ.

ಇನ್ನು ತೂಕ. ಸುಳ್ಳು ಬರೆಯುತ್ತೇನೆ ಅಂತ ತಾನೇ ನಿನ್ನ ಅನುಮಾನ? ಹೇಗೆ ತೂಗುತ್ತೇನೆ ಕೇಳು. ಪ್ರತಿ ಬೋಟಿನ ದಿನ ಬೆಳಿಗ್ಗೆ ಆರಕ್ಕೆ, ತಿಂಡಿಗೆ ಮುಂಚೆ, ಸರಕಿನ ಬಲೆಯಲ್ಲಿ ಕೂತುಕೊಳ್ಳುತ್ತೇನೆ. ಕ್ರೇನ್ ನಡೆಸುವ ಕತ್ತು (ಉದ್ದ ಕತ್ತಿನವನು, ಬಾಯಿ ಬಿಡುವವನಲ್ಲ) ಬಲೆಯ ತೂಕ ಕಳೆದು, ಕೊಕ್ಕೆಯಿಂದ ನನ್ನನ್ನು ಎರಡು ಅಡಿ ಎತ್ತಿ, ತನ್ನ ಕ್ಯಾಬಿನ್ನಿನ ಮೀಟರು ನೋಡಿ ಹೇಳುತ್ತಾನೆ. ಟನ್‌ಗಟ್ಟಲೆ ಸರಕನ್ನು ತೂಗುವ ಕೊಕ್ಕೆ ಅದು, ಪ್ರತಿ ವರ್ಷ ತಪಾಸಣೆ ಆಗುತ್ತದೆ. ನಿನ್ನ ಜಿಮ್ಮಿನ ತಕ್ಕಡಿಗಿಂತ ನಂಬಿಕಸ್ಥ.

ಇವತ್ತೂ ತೊಂಬತ್ತು. ಮುಂದಿನ ಪಟ್ಟಿ ಕಳಿಸುವ ತೊಂದರೆ ತೆಗೆದುಕೊಳ್ಳಬೇಡ.

* * *

ಮೇ 17

ತಂಗೀ,

ನಿನ್ನೆ ಫೋನಿನಲ್ಲಿ ಕೂಗಿದ್ದನ್ನು ಬರೆದೂ ಕಳಿಸುತ್ತಿದ್ದೇನೆ. ಆ ಗಲಾಟೆಯಲ್ಲಿ ಅರ್ಧ ನಿನಗೆ ಕೇಳಿಸಿರಲಿಕ್ಕಿಲ್ಲ. ಫೋನು ಮಾಡಬೇಡ ಅಂತ ನೀನು ಅಂದಿದ್ದೆ, ನಾನು ಮಾಡಿದೆ. ನಿನ್ನ ಕಾಗದ ಓದಿದ ಮೇಲೆ ಇನ್ನೊಂದು ಬೋಟಿನವರೆಗೆ ಕಾಯಲು ಆಗಲಿಲ್ಲ.

ಆ ಕೊಕ್ಕೆಯ ಮೀಟರು ತೊಂಬತ್ತು ಬಿಟ್ಟು ಕೆಳಗೆ ಇಳಿದರೆ ಎಷ್ಟು ತೋರಿಸುತ್ತದೆ ಅಂತ ಕೇಳಿದೆ. ನೀನು ಕತ್ತುವನ್ನು ಕೇಳಿ, ಎಂಬತ್ತೈದು ಅಂದೆ. ನಡುವೆ? ಅಂತ ನಾನು ಕೇಳಿದೆ. "ನಡುವೆ ಏನೂ ಇಲ್ಲ ಅಣ್ಣ, ಸರಕಿನ ಲೆಕ್ಕದಲ್ಲಿ ಐದು ಕೆಜಿ ಯಾರಿಗೆ ಬೇಕು" ಅಂದೆ. ನಾನು ಕೂಗತೊಡಗಿದ್ದು ಆಗಲೇ.

ಅದು ಐದೈದರಲ್ಲಿ ಎಣಿಸುವ ಯಂತ್ರ. ತೊಂಬತ್ತೆರಡು ಇದ್ದರೂ ತೊಂಬತ್ತು ಅನ್ನುತ್ತದೆ, ಎಂಬತ್ತೆಂಟು ಇದ್ದರೂ ತೊಂಬತ್ತು ಅನ್ನುತ್ತದೆ. ನೀನು ದಿನಾ ಇಳಿಯುತ್ತಲೇ ಇದ್ದೆ. ಅದಕ್ಕೆ ಕಾಣುತ್ತಿರಲಿಲ್ಲ. ಮೊದಲು ಏರಿದ ಒಂದು ಕೆಜಿಯೂ ಸುಳ್ಳು, ಒಮ್ಮೆಲೇ ಬಿದ್ದ ಐದು ಕೆಜಿಯೂ ಸುಳ್ಳು. ತಿನ್ನುವುದನ್ನು ಗ್ರಾಂ ಲೆಕ್ಕದಲ್ಲಿ ತೂಗಿಸಿದೆ. ನಿನ್ನನ್ನು ಯಾವುದರಲ್ಲಿ ತೂಗುತ್ತಿದ್ದೀಯ ಅಂತ ಕೇಳಲೇ ಇಲ್ಲ. ಹೊಸ ಹುಡುಗರಿಗೆ ಮೊದಲ ದಿನ ಕೇಳುವ ಪ್ರಶ್ನೆ ಅದು.

ಬೆಲ್ಟು ಒಂದು ತೂತು ಒಳಗೆ ಬಂತು ಅಂತ ನೀನು ಬರೆದಿದ್ದೆ. ನಾನು ಅದನ್ನು ತಮಾಷೆ ಮಾಡಿದೆ. ಅಲ್ಲಿದ್ದ ಸರಿಯಾದ ಅಳತೆ ಅದೊಂದೇ.

ಈಗ ಮಾಡಬೇಕಾದದ್ದು. ನಿನ್ನ ನಿಜವಾದ ತೂಕ ಎಷ್ಟು ಅಂತ ಹೇಗಾದರೂ ಕಂಡುಹಿಡಿ. ಇವತ್ತಿನಿಂದ ಎರಡು ಸಾವಿರದ ಮುನ್ನೂರು ತಿನ್ನು. ಅನ್ನ ಎರಡು ಹೊತ್ತೂ ತಿನ್ನು, ಭಾರ ಎತ್ತುವ ದಿನ ಇನ್ನೂ ಅರ್ಧ ಬಟ್ಟಲು. ಒಂದು ವಾರ ಮೆಟ್ಟಿಲು ನಿಲ್ಲಿಸು, ಚೆನ್ನಾಗಿ ನಿದ್ದೆ ಮಾಡು. ಮೈಗೆ ಶಕ್ತಿ ವಾಪಸು ಬರುವ ತನಕ ಹಗ್ಗಕ್ಕೆ ಇಳಿಯಬೇಡ. ಪಕ್ಕದವನಿಗೆ ನನ್ನ ನಮಸ್ಕಾರ ಹೇಳು.

ಉಗ್ರಾಣದ ವಿಷಯ. ಏಪ್ರಿಲ್ ಇಪ್ಪತ್ತಾರಕ್ಕೆ, ನಿನಗೆ ಬರೆದ ದಿನವೇ, ಮ್ಯಾನೇಜರಿಗೂ ಬರೆದೆ. ನೀನು ಕದ್ದು ತಿನ್ನುತ್ತಿದ್ದೀಯ, ಪರೀಕ್ಷೆಯಲ್ಲಿ ಸೋಲುತ್ತೀಯ, ಕೆಲಸವೇ ಹೋದೀತು ಅಂತ ತೀರ್ಮಾನ ಮಾಡಿಬಿಟ್ಟಿದ್ದೆ. ತಪ್ಪು ಮಾಡಿದೆ. ಬೇರೆ ಹೇಗೂ ಬರೆಯಲು ನನಗೆ ಬರುವುದಿಲ್ಲ.

ಅಣ್ಣ

* * *

ಮೇ 23

ಅಣ್ಣಾ,

ಸರಿಯಾಗಿ ಊಟದ ಹೊತ್ತಿಗೆ ಫೋನು ಮಾಡಿದೆಯಲ್ಲ, ನಿನಗೆ ಕೈ ಮುಗಿದೆ. ನೀನು ಅಲ್ಲಿಂದ ಕೂಗಿದ್ದು ಫೋನಿಲ್ಲದೆಯೇ ಕೇಳಿಸುತ್ತಿತ್ತೇನೋ. ನಾನು ಫೋನು ಇಡುವಷ್ಟರಲ್ಲಿ ನಲವತ್ತು ಜನಕ್ಕೂ ಗೊತ್ತಾಗಿತ್ತು. ಸೌಟು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. "ಹೊಟ್ಟೆನೋವು ಅಂದ್ರಿ. ಎರಡು ತಿಂಗಳಿಂದ ನನ್ನ ಕೈಗೆ ಏನೋ ದೋಷ ಅಂದ್ಕೊಂಡು ನಾನೇ ಸರಿಯಾಗಿ ಊಟ ಮಾಡಿಲ್ಲ. ಬಾಯಿಬಿಟ್ಟು ಹೇಳಿದ್ರೆ ಕೋಳೀನ ನಾನೇ ತೂಗಿ ಇಡ್ತಿರ್ಲಿಲ್ವಾ?" ಅಂದ. ಈಗ ಅವನೇ ತೂಗುತ್ತಾನೆ. ಎರಡು ಗ್ರಾಂ ಹೆಚ್ಚಾದರೂ ಚಿಮುಟದಿಂದ ವಾಪಸು ತೆಗೆಯುತ್ತಾನೆ. ನಿನಗಿಂತ ದೊಡ್ಡ ಪೀಡೆ.

ನಿಜವಾದ ತೂಕ ಸಿಕ್ಕಿತು. ಒಂದು ಕಪ್ಪಿಗೆ ಗ್ರೀಸ್ ಹಚ್ಚಿ ಹಗ್ಗ ಹಾಕಿದೆವು. ಒಂದು ತುದಿಗೆ ಬಲೆಯಲ್ಲಿ ನಾನು, ಇನ್ನೊಂದು ತುದಿಗೆ ಅಂಥದೇ ಬಲೆಯಲ್ಲಿ ನೀರಿನ ಕ್ಯಾನುಗಳು. ಖಾಲಿ ಕ್ಯಾನುಗಳನ್ನು ಸೌಟಿನ ತಕ್ಕಡಿಯಲ್ಲಿ ಮೊದಲೇ ತೂಗಿದ್ದೆವು. ಎರಡೂ ಬದಿ ಸಮ ನಿಲ್ಲುವ ತನಕ ಕತ್ತು ಲೋಟದಲ್ಲಿ ನೀರು ಸುರಿದ. ಎಂಬತ್ತಾರು ಮುಕ್ಕಾಲು. ಅರ್ಧ ಕೆಜಿ ಆಚೀಚೆ ಇರಬಹುದು. ತಂಡದವರೆಲ್ಲ ಸುತ್ತ ನಿಂತು ನೋಡಿದರು. ಯಾರೂ ನಗಲಿಲ್ಲ. ಒಬ್ಬ ಮಾತ್ರ ನಕ್ಕ, ಅವನಿಗೆ ಸೌಟು ಆ ದಿನ ಮೀನು ಹಾಕಲಿಲ್ಲ.

ಅನ್ನ ಮತ್ತೆ ಶುರು ಮಾಡಿ ಆರು ದಿನ ಆಯಿತು. ಮೈಗೆ ಶಕ್ತಿ ಬಂದಿದೆ. ನಿನ್ನೆ ಡೆಡ್‌ಲಿಫ್ಟ್ ಎಂಬತ್ತೈದು, ಐದು ಸಲ.

ಉಗ್ರಾಣದ್ದು ನನಗಿನ್ನೂ ಜೀರ್ಣವಾಗಿಲ್ಲ. ಅಲ್ಲಿಗೆ ನಾನೇ ಬರೆದು ಆ ಜಾಗ ಬೇರೆಯವರಿಗೆ ಕೊಡಿ ಅಂದಿದ್ದೇನೆ. ಈಗ ಸೋತರೆ ಕೂರಲು ಆ ಕುರ್ಚಿಯೂ ಇಲ್ಲ. ಹಾಗಿರುವುದೇ ಒಳ್ಳೆಯದು.

ತಂಗಿ

* * *

ಮೇ 26

ತಂಗೀ,

ನೀರಿನ ಕ್ಯಾನಿನ ಉಪಾಯ ಚೆನ್ನಾಗಿದೆ. ನನಗೆ ಹೊಳೆಯುತ್ತಿರಲಿಲ್ಲ.

ಒಂದು ಎಚ್ಚರಿಕೆ. ಅನ್ನ ಮತ್ತೆ ಶುರು ಮಾಡಿದಾಗ ಮೈಯಲ್ಲಿ ನೀರು ನಿಂತು ಒಂದು ಕೆಜಿ ಏರಬಹುದು. ಅದನ್ನು ನೋಡಿ ಹೆದರಿ ಊಟ ಬಿಡಬೇಡ. ಮೂರನೇ ವಾರದ ಹೊತ್ತಿಗೆ ಸರಿಹೋಗುತ್ತದೆ. ಸರಿಹೋಗಬೇಕು. ಎಂಬತ್ತಾರರ ಗೆರೆ ನಿನಗೆ ಕೂದಲೆಳೆ ಅಂತರದಲ್ಲಿದೆ, ಗೊತ್ತು. ಆದರೆ ಹಸಿದುಕೊಂಡು ಆ ಗೆರೆ ದಾಟಿದರೆ ಗೊಂಬೆ ಮೇಲೆ ಬರುವುದಿಲ್ಲ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಒತ್ತು ಅಂತ ನಾನು ಹೇಳಲಾರೆ. ಅಲ್ಲಿರುವವಳು ನೀನು. ನಿನಗೆ ಸರಿ ಕಂಡಂತೆ ಮಾಡು.

ಕುರ್ಚಿ ಬಿಟ್ಟುಕೊಟ್ಟದ್ದು ನಿನ್ನ ಅತ್ತಿಗೆಗೆ ಸರಿ ಅನ್ನಿಸಿದೆ. ನನಗೆ ಭಯವಾಗುತ್ತಿದೆ. ಆದರೂ ಮ್ಯಾನೇಜರಿಗೆ ಮತ್ತೆ ಬರೆಯುವುದಿಲ್ಲ.

ಅಣ್ಣ

* * *

ಜೂನ್ 12

ಅಣ್ಣಾ,

ದಡದಿಂದ ಬರೆಯುತ್ತಿದ್ದೇನೆ. ಫೋನು ಮಾಡಬಹುದಿತ್ತು. ಬರೆಯಬೇಕು ಅನ್ನಿಸಿತು.

ತೂಕ ಎಂಬತ್ತೈದು ಪಾಯಿಂಟ್ ಎಂಟು. ನೂರು ಗ್ರಾಂ ತೋರಿಸುವ ತಕ್ಕಡಿ, ನಾನೇ ಮೊದಲು ಕೇಳಿ ಖಚಿತ ಮಾಡಿಕೊಂಡೆ. ಪರೀಕ್ಷಕರು "ಯಾಕಮ್ಮ, ನಮ್ಮ ಮೇಲೆ ಅನುಮಾನವಾ?" ಅಂದರು. "ನಿಮ್ಮ ಮೇಲಲ್ಲ ಸಾರ್, ತಕ್ಕಡಿಗಳ ಮೇಲೆ" ಅಂದೆ. ಕಳೆದ ವಾರ ಕ್ಯಾನಿನ ಲೆಕ್ಕದಲ್ಲಿ ಎಂಬತ್ತೇಳಾಗಿತ್ತು. ಒಂದು ಇಡೀ ದಿನ ಊಟ ಬಿಡೋಣ ಅಂತ ಕೂತಿದ್ದೆ. ಬಿಡಲಿಲ್ಲ.

ಗೊಂಬೆಯದ್ದು ಹೇಳುತ್ತೇನೆ. ಹತ್ತು ಮೀಟರ್ ತನಕ ಆಟ. ಹದಿನಾಲ್ಕರಲ್ಲಿ ಮುಂಗೈ ಕಲ್ಲಾಯಿತು. ಹದಿನಾರರಲ್ಲಿ ಹಗ್ಗ ಅರ್ಧ ಅಡಿ ಜಾರಿತು, ಹಿಡಿದೆ. ಪಕ್ಕದಲ್ಲಿ ಸಮಯ ಓದುತ್ತಿದ್ದವನು ಮೂರು ನಿಮಿಷ ಅಂದ. ಆಮೇಲೆ ಅವನು ಏನು ಓದಿದನೋ ಕೇಳಿಸಲಿಲ್ಲ. ಗೊಂಬೆಯ ತಲೆ ಕಟ್ಟೆಗೆ ಬಡಿದಾಗ ಮೂರು ನಿಮಿಷ ಐವತ್ತೊಂದು ಸೆಕೆಂಡ್. ಮಾರ್ಚ್‌ನಲ್ಲಿ ನಾನು ಇದನ್ನೇ ಮೂರು ನಿಮಿಷದಲ್ಲಿ ಮಾಡುತ್ತಿದ್ದೆ. ಆ ಐವತ್ತೊಂದು ಸೆಕೆಂಡ್ ನಮ್ಮಿಬ್ಬರದು, ಅರ್ಧ ನಿನ್ನದು, ಅರ್ಧ ನನ್ನದು. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ.

ಹಗ್ಗದಲ್ಲೇ ಇದ್ದೇನೆ. ಸೋಮವಾರ ವಾಪಸು.

ಇನ್ನು ಪಟ್ಟಿ ಕಳಿಸಬೇಡ. ಕೋಪದಿಂದ ಹೇಳುತ್ತಿಲ್ಲ. ಮೂರು ತಿಂಗಳು ನಾವಿಬ್ಬರೂ ಬರೆದುಕೊಂಡಿದ್ದೇವೆ, ಅಲ್ಲಿ ನೀವಿಬ್ಬರೂ ಹೇಗಿದ್ದೀರಿ ಅಂತ ನನಗೆ ಇನ್ನೂ ಗೊತ್ತಿಲ್ಲ. ಅದನ್ನು ಬರಿ.

ತಂಗಿ

* * *

ಜೂನ್ 16

ತಂಗೀ,

ಇಲ್ಲಿ ನಾವು ಚೆನ್ನಾಗಿದ್ದೇವೆ. ಈ ಒಂದು ಸಾಲು ಬರೆದೆ. ಮುಂದೆ ಏನು ಬರೆಯುವುದು ಅಂತ ತಿಳಿಯಲಿಲ್ಲ. ಎದ್ದು ಜಿಮ್ಮಿಗೆ ಹೋದೆ.

ಮಧ್ಯಾಹ್ನ, ಯಾರೂ ಇರಲಿಲ್ಲ. ಮೇಲಿನ ತೊಲೆಗೆ ಮೂರು ಕಪ್ಪಿ ಕಟ್ಟಿದೆ. ಒಂದು ಚೀಲಕ್ಕೆ ಮರಳು ತುಂಬಿ, ತೂಗಿ, ಎಂಬತ್ತು ಕೆಜಿ ಮಾಡಿದೆ. ನಮ್ಮ ತೊಲೆಯ ಎತ್ತರ ನಾಲ್ಕು ಮೀಟರ್. ಐದು ಸಲ ಎಳೆದು ಇಳಿಸಿದರೆ ನಿನ್ನ ಇಪ್ಪತ್ತಾಗುತ್ತದೆ ಅಂತ ಲೆಕ್ಕ ಹಾಕಿದೆ. ನಾನೂ ಒಂದು ಕಾಲದಲ್ಲಿ ಭಾರ ಎತ್ತಿ ಪದಕ ತಂದವನು, ಎಷ್ಟು ಮಹಾ ಅನ್ನಿಸಿತು.

ಮೂರನೇ ಸಲ ಅರ್ಧಕ್ಕೆ ಕೈ ಬಿಟ್ಟೆ. ಚೀಲ ನೆಲಕ್ಕೆ ಬಿದ್ದ ಸದ್ದಿಗೆ ನಿನ್ನ ಅತ್ತಿಗೆ ಮನೆಯಿಂದ ಓಡಿಬಂದಳು. ನೆಲದ ತುಂಬ ಮರಳು, ನಡುವೆ ನಾನು ಕೂತಿದ್ದೆ.

"ಏನ್ರೀ ಇದು, ಏನಾಯ್ತು?" ಅಂದಳು.

"ಏನಿಲ್ಲ, ನನ್ನ ತಂಗಿ ಇದನ್ನ ಪೂರ್ತಿ ಮಾಡಿದ್ದಾಳೆ" ಅಂದೆ.

ಅಣ್ಣ